ಜ್ವರದ ಮನೆಯಿಂದ ಎಷ್ಟು ದೂರ ಹುಡುಕಬೇಕು?

ಮಂಗಳೂರಿನಲ್ಲಿ ಮಲೇರಿಯಾ ನಿಯಂತ್ರಣದ ಕೆಲಸಕ್ಕೆ ಇಳಿದವರಿಗೆ ದಿನವೂ ಎದುರಾಗುವ ಪ್ರಶ್ನೆ ಇದು. ಕೈಯಲ್ಲಿರುವ ಜನ ಕಡಿಮೆ, ಮಳೆಗಾಲ ಹಿಡಿಯಿತೆಂದರೆ ಪ್ರಕರಣಗಳು ಹೆಚ್ಚು. ನಾಲ್ಕು ಮನೆ ನೋಡಿ ಹಿಂತಿರುಗಿದರೆ ಸೊಳ್ಳೆ ಹುಟ್ಟಿದ ಜಾಗ ಕಣ್ತಪ್ಪಬಹುದು. ಇಡೀ ವಾರ್ಡು ಸುತ್ತಲು ಹೊರಟರೆ ಯಾವ ಮನೆಯನ್ನೂ ನೆಟ್ಟಗೆ ನೋಡಲಾಗದು. ಹಾಗಾಗಿ ಸೊಳ್ಳೆ ಎಷ್ಟು ದೂರ ಹಾರುತ್ತದೆ ಎಂಬುದು ನಮಗೆ ಬರಿಯ ಕುತೂಹಲವಲ್ಲ, ನಾಳೆ ಬೆಳಿಗ್ಗೆ ಯಾರು ಯಾವ ಓಣಿಗೆ ಹೋಗಬೇಕು ಎಂಬ ಲೆಕ್ಕ.

ಜನ ಸಾಮಾನ್ಯವಾಗಿ ಚರಂಡಿಯತ್ತ ಕೈ ತೋರಿಸುತ್ತಾರೆ. "ನಮ್ಮಲ್ಲಿ ಎಲ್ಲೂ ನೀರು ನಿಂತಿಲ್ಲ ಸರ್, ಸೊಳ್ಳೆ ಬರುವುದು ಆ ಮೋರಿಯಿಂದ" ಎನ್ನುತ್ತಾರೆ. ಮೋರಿಯಲ್ಲಿ ಸೊಳ್ಳೆ ಇರುವುದು ನಿಜ, ಆದರೆ ಅದು ಹೆಚ್ಚಾಗಿ ಮಲೇರಿಯಾ ಹರಡದ ಕ್ಯೂಲೆಕ್ಸ್ ಜಾತಿಯದು. ನಮ್ಮ ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಗೆ ಬೇಕಾದದ್ದು ತಿಳಿನೀರು: ಬಳಸದೆ ಬಿಟ್ಟ ಬಾವಿ, ಮುಚ್ಚಳ ಸರಿದ ತಾರಸಿಯ ಟ್ಯಾಂಕು, ಕಟ್ಟಡ ಕಟ್ಟುವಲ್ಲಿ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ. ಹೊಸಬರಿಗೆ ನಾನು ಮೊದಲು ಕಲಿಸುವುದು ಡಿಪ್ಪರಿನಲ್ಲಿ ಮರಿ ಗುರುತಿಸುವುದನ್ನು. ಬಿಳಿಯ ಬಟ್ಟಲಿನಲ್ಲಿ ನೀರು ಎತ್ತಿ ಒಂದು ನಿಮಿಷ ಅಲುಗಾಡಿಸದೆ ಹಿಡಿಯಬೇಕು. ಕ್ಯೂಲೆಕ್ಸ್ ಮರಿ ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ಚಾಚಿ ತಲೆಕೆಳಗಾಗಿ ತೂಗುತ್ತದೆ. ಅನಾಫಿಲಿಸ್ ಮರಿಗೆ ಆ ಕೊಳವೆಯೇ ಇಲ್ಲ. ಅದು ಮುರಿದ ಹುಲ್ಲುಕಡ್ಡಿಯಂತೆ ನೀರಿನ ಮೇಲೆ ಅಡ್ಡಡ್ಡ ಮಲಗಿರುತ್ತದೆ, ನೆರಳು ಬಿದ್ದೊಡನೆ ಹಿಂದಕ್ಕೆ ಜಾರಿ ತಳಕ್ಕೆ ಇಳಿಯುತ್ತದೆ. ಅವಸರದಲ್ಲಿ ಬಟ್ಟಲು ಅದ್ದಿದವರಿಗೆ ಅದು ಕಾಣುವುದೇ ಇಲ್ಲ.

ಇನ್ನು ದೂರದ ಮಾತು. ಸೊಳ್ಳೆಗಳ ಮೈಗೆ ಹೊಳೆಯುವ ಪುಡಿ ಹಾಕಿ ಬಿಟ್ಟು, ಮರುದಿನಗಳಲ್ಲಿ ಸುತ್ತಮುತ್ತ ಮತ್ತೆ ಹಿಡಿದು ಅಳೆಯುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಬಹುಪಾಲು ಅನಾಫಿಲಿಸ್‌ಗಳು ಸಿಕ್ಕಿದ್ದು ಬಿಟ್ಟ ಜಾಗದಿಂದ ಕೆಲವು ನೂರು ಮೀಟರ್‌ನಿಂದ ಹೆಚ್ಚೆಂದರೆ ಒಂದು ಕಿಲೋಮೀಟರ್‌ ಒಳಗೆ. ಎರಡು ಮೂರು ಕಿಲೋಮೀಟರ್ ದಾಟಿದವೂ ಇವೆ, ಆದರೆ ಅವು ಕೆಲವೇ. ನನ್ನ ಅನುಭವದಲ್ಲಿ ರೆಕ್ಕೆಯ ಬಲಕ್ಕಿಂತ ಮುಖ್ಯವಾದದ್ದು ಅಗತ್ಯ. ಹೆಣ್ಣು ಸೊಳ್ಳೆಗೆ ಬೇಕಾದದ್ದು ರಕ್ತ, ವಿಶ್ರಮಿಸಲು ನೆರಳು, ಮೊಟ್ಟೆಯಿಡಲು ನೀರು. ಬಯಲಿನಲ್ಲಿ ಈ ಮೂರೂ ಚದುರಿರುತ್ತವೆ, ಅಲ್ಲಿ ಅದು ದೂರ ಹೋಗಲೇಬೇಕು. ನಮ್ಮ ಓಣಿಗಳಲ್ಲಿ ತಾರಸಿಯಲ್ಲಿ ನೀರು, ಕೆಳಗಿನ ಮಹಡಿಯಲ್ಲಿ ಮಲಗಿದ ಜನ, ನಡುವೆ ಮೆಟ್ಟಿಲ ಕೆಳಗಿನ ಕತ್ತಲು. ಅಂಥ ಕಡೆ ಅದು ಏಕೆ ದೂರ ಹಾರೀತು?

ಇದಕ್ಕೆ ಕಾಲದ ಲೆಕ್ಕವನ್ನೂ ಸೇರಿಸಬೇಕು. ರೋಗಿಯ ರಕ್ತ ಹೀರಿದ ಸೊಳ್ಳೆ ತಕ್ಷಣ ರೋಗ ಹರಡಲಾರದು. ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲುಗ್ರಂಥಿ ತಲುಪಲು ನಮ್ಮ ಸೆಕೆಯಲ್ಲೂ ಸುಮಾರು ಹತ್ತು ದಿನ ಬೇಕು. ಅಷ್ಟರೊಳಗೆ ಅದು ಎರಡು ಮೂರು ದಿನಕ್ಕೊಮ್ಮೆ ರಕ್ತ ಕುಡಿದು, ನೀರಿಗೆ ಹೋಗಿ ಮೊಟ್ಟೆಯಿಟ್ಟು ಮತ್ತೆ ಬಂದಿರುತ್ತದೆ. ಅಂದರೆ ಅಪಾಯಕಾರಿ ಸೊಳ್ಳೆ ಯಾವಾಗಲೂ ಮುದಿ ಸೊಳ್ಳೆ, ಮನೆಗೂ ನೀರಿಗೂ ನಡುವೆ ಹಲವು ಸಲ ಓಡಾಡಿದ ಸೊಳ್ಳೆ. ಈ ಓಡಾಟದ ದಾರಿ ಉದ್ದವಾದಷ್ಟೂ ಅದು ಬದುಕಿ ಉಳಿಯುವ ಸಾಧ್ಯತೆ ಕುಗ್ಗುತ್ತದೆ. ಹತ್ತಿರದ ನೀರನ್ನು ಇಲ್ಲವಾಗಿಸಿದರೆ ಮುಂದಿನ ಸಂತತಿಯ ಜೊತೆಗೆ ಈಗ ಹಾರಾಡುತ್ತಿರುವ ಸೊಳ್ಳೆಯ ಆಯುಸ್ಸಿಗೂ ಪೆಟ್ಟು ಬೀಳುತ್ತದೆ ಎಂದು ನಾನು ನಂಬಿರುವುದು ಇದಕ್ಕಾಗಿ.

ಆದ್ದರಿಂದ ನಾನು ಕೆಲಸ ಮಾಡುವುದು ಹೀಗೆ. ವರದಿ ಕೈಗೆ ಬಂದಾಗ ವಿಳಾಸವನ್ನಷ್ಟೇ ನಂಬುವುದಿಲ್ಲ. ರೋಗಿಯನ್ನು ಕೂರಿಸಿ, ಎರಡರಿಂದ ನಾಲ್ಕು ವಾರಗಳ ಹಿಂದೆ ರಾತ್ರಿ ಎಲ್ಲಿ ಮಲಗಿದ್ದಿರಿ, ಸಂಜೆ ಎಲ್ಲಿ ಕೂತಿರುತ್ತಿದ್ದಿರಿ ಎಂದು ಕೇಳುತ್ತೇನೆ. ಸೋಂಕು ತಗುಲಿದ್ದು ಆಗ. ಆ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಮೊದಲು ನೂರು ಮೀಟರ್‌ ಒಳಗಿನ ಪ್ರತಿಯೊಂದು ನೀರಿನ ಸೆಲೆಯನ್ನೂ ನೋಡಿ ಮುಗಿಸುತ್ತೇವೆ. ಏನೂ ಸಿಗದಿದ್ದರೆ ಮಾತ್ರ ವೃತ್ತ ದೊಡ್ಡದಾಗುತ್ತದೆ, ನಾನೂರು ಐನೂರು ಮೀಟರ್‌ವರೆಗೆ. 2015ರಲ್ಲಿ ನಗರದಲ್ಲಿ ಟ್ಯಾಬ್ ಮತ್ತು ತಂತ್ರಾಂಶದ ವ್ಯವಸ್ಥೆ ಬಂದ ಮೇಲೆ ಇದು ಸಲೀಸಾಯಿತು. ಎರಡು ಬೇರೆ ಆಸ್ಪತ್ರೆಗಳಿಂದ ಬಂದ ಪ್ರಕರಣಗಳು ಒಂದೇ ಗೋಡೆಯ ಆಚೀಚೆ ಇವೆ ಎಂಬುದು ಕಾಗದದ ಪಟ್ಟಿಯಲ್ಲಿ ಎಂದೂ ಕಾಣುತ್ತಿರಲಿಲ್ಲ.

ವೃತ್ತಕ್ಕೆ ಎತ್ತರವೂ ಇದೆ. ಒಂದು ಓಣಿಯಲ್ಲಿ ಸಾಲಾಗಿ ಜ್ವರ ಬಂತು. ಬಾವಿಗಳಲ್ಲಿ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಇತ್ತು, ಟ್ಯಾಂಕುಗಳು ಭದ್ರವಾಗಿದ್ದವು. ಮನೆಗಳ ಹಿಂದೆ ಕೆಲಸ ನಿಂತುಹೋದ ಒಂದು ಕಟ್ಟಡ. ಕೆಳಗೆಲ್ಲ ಒಣಗಿತ್ತು, ಕಾವಲಿನವರು "ಮೇಲೆ ಏನಿಲ್ಲ ಸಾರ್" ಎಂದರು. ಹತ್ತಿ ನೋಡಿದರೆ ಪ್ರತಿ ಮಹಡಿಯಲ್ಲೂ ಶೌಚಾಲಯಕ್ಕೆಂದು ತಗ್ಗಿಸಿ ಬಿಟ್ಟ ಸಂಕನ್ ಸ್ಲ್ಯಾಬ್, ಅದರ ತುಂಬ ಮಳೆ ನೀರು, ನೀರಿನ ತುಂಬ ಅಡ್ಡಡ್ಡ ಮಲಗಿದ ಮರಿಗಳು. ತೂತು ಕೊರೆದು ನೀರು ಇಳಿಸಿದೆವು, ಇಳಿಯದ ಕಡೆ ಲಾರ್ವಾನಾಶಕ ಹಾಕಿದೆವು. ನಮ್ಮ ಹವೆಯಲ್ಲಿ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಆದುದರಿಂದ ವಾರ ತಪ್ಪದೆ ಮತ್ತೆ ಹತ್ತಬೇಕು, ಒಮ್ಮೆ ಮಾಡಿ ಮರೆತರೆ ಮಾಡದಂತೆಯೇ.

ಹೊಗೆ ಹಾಕಿಸಿ ಎಂಬ ಒತ್ತಾಯ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ರೋಗಿಯ ಮನೆಯ ಸುತ್ತಲಿನ ಐವತ್ತು ಮನೆಗಳ ಒಳಗೆ ಪೈರೆಥ್ರಮ್ ಎಂಬ ಕೀಟನಾಶಕ ಸಿಂಪಡಿಸುವುದಕ್ಕೆ ಅರ್ಥವಿದೆ, ಸೋಂಕು ಹೊತ್ತ ಮುದಿ ಸೊಳ್ಳೆ ಇರುವುದು ಅಲ್ಲಿಯೇ. ಮುಖ್ಯರಸ್ತೆಯಲ್ಲಿ ವಾಹನ ಓಡಿಸಿ ಹೊಗೆ ಬಿಟ್ಟರೆ ಜನರಿಗೆ ಸಮಾಧಾನ ಸಿಗಬಹುದು. ಮನೆಯೊಳಗೆ ಕೂತ ಸ್ಟೀಫೆನ್ಸಿಗೆ ಅದು ತಾಗುವುದೂ ಇಲ್ಲ.

ಈ ದೂರದ ಲೆಕ್ಕಕ್ಕೆ ಹಳೆಯ ಇತಿಹಾಸವಿದೆ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡವರು. ಅದಕ್ಕೂ ಹಿಂದೆ ಯುವ ವೈದ್ಯರಾಗಿ ಬೆಂಗಳೂರಿನಲ್ಲಿದ್ದಾಗ, ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುವುದನ್ನು ಕಂಡು ಅದನ್ನು ಬರಿದು ಮಾಡಿ ಕಾಟ ಕಡಿಮೆ ಮಾಡಿಕೊಂಡಿದ್ದರು. 1904ರಲ್ಲಿ ಅವರು ಗಣಿತವನ್ನೇ ಹಿಡಿದರು: ಒಂದು ವೃತ್ತದೊಳಗೆ ಸೊಳ್ಳೆ ಹುಟ್ಟದಂತೆ ಮಾಡಿದರೆ ಹೊರಗಿನಿಂದ ಎಷ್ಟು ನುಗ್ಗಿ ಬಂದಾವು? ದಿಕ್ಕಿಲ್ಲದೆ ಅಲೆಯುವ ಸೊಳ್ಳೆಗಳಲ್ಲಿ ಹೆಚ್ಚಿನವು ಹುಟ್ಟಿದ ಕಡೆಯೇ ಸಾಯುತ್ತವೆ, ಆದ್ದರಿಂದ ವೃತ್ತ ಸಾಕಷ್ಟು ದೊಡ್ಡದಿದ್ದರೆ ನಡುವಿನಲ್ಲಿ ಇರುವವರಿಗೆ ರಕ್ಷಣೆ ಸಿಗುತ್ತದೆ ಎಂಬುದು ಅವರ ವಾದ. ನಾವು ಇಂದಿಗೂ ಅದೇ ವೃತ್ತವನ್ನು ಎಳೆಯುತ್ತಿದ್ದೇವೆ.

ಆದರೆ ಸೊಳ್ಳೆ ಕೂತಲ್ಲೇ ಕೂತರೂ ರೋಗಾಣು ಕೂರುವುದಿಲ್ಲ. ಅದು ಮನುಷ್ಯರ ಮೈಯಲ್ಲಿ ರೈಲು ಹತ್ತುತ್ತದೆ. ಕಟ್ಟಡದ ಕೆಲಸಕ್ಕೆ ಬಿಹಾರ, ಜಾರ್ಖಂಡ್, ಬಾಗಲಕೋಟೆ, ಕೊಪ್ಪಳಗಳಿಂದ ಬರುವವರು ಒಂದು ಸ್ಲ್ಯಾಬ್ ಮುಗಿದೊಡನೆ ನಗರದ ಇನ್ನೊಂದು ತುದಿಗೆ ಹೋಗುತ್ತಾರೆ. ಮಲೇರಿಯಾ ರೋಗಾಣುವಿನ ಒಂದು ಬಗೆಯಾದ ವೈವ್ಯಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಅದನ್ನು ಬೇರುಸಹಿತ ಕೀಳಲು ಪ್ರಿಮಾಕ್ವಿನ್ ಗುಳಿಗೆಯನ್ನು ಹದಿನಾಲ್ಕು ದಿನ ನುಂಗಬೇಕು. ಜ್ವರ ಮೂರನೆಯ ದಿನಕ್ಕೇ ಇಳಿದಿರುತ್ತದೆ, ಕೂಲಿ ಬಿಟ್ಟು ಕೂರಲು ಯಾರಿಗೂ ಆಗದು. ಹಾಗಾಗಿ ಮೇಸ್ತ್ರಿಯ ಮೊಬೈಲ್ ಸಂಖ್ಯೆ ನನಗೆ ಡಿಪ್ಪರಿನಷ್ಟೇ ಮುಖ್ಯ. "ಅಣ್ಣ, ನಿಮ್ಮ ಆ ಹುಡುಗ ಈಗ ಯಾವ ಸೈಟಿನಲ್ಲಿದ್ದಾನೆ, ಗುಳಿಗೆ ಎಷ್ಟು ಉಳಿದಿದೆ?" ಎಂದು ಕೇಳಿ, ಹೊಸ ಸೈಟಿನ ಸುತ್ತಲೂ ಮುಂಚಿತವಾಗಿ ನೀರು ನೋಡಿಸುತ್ತೇನೆ.

ಸೊಳ್ಳೆಯೇ ದೂರ ಹೋಗುವುದಿಲ್ಲವೆಂದಲ್ಲ. 1930ರಲ್ಲಿ ಆಫ್ರಿಕಾದ ಸೊಳ್ಳೆ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಬ್ರೆಜಿಲ್‌ನ ನಟಾಲ್‌ನಲ್ಲಿ ಇಳಿದು, 1938ರ ಹೊತ್ತಿಗೆ ಭೀಕರ ಮಲೇರಿಯಾ ತಂದಿತು. ನಮ್ಮ ಸ್ಟೀಫೆನ್ಸಿ 2012ರಲ್ಲಿ ಜಿಬೂತಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಕಾಣಿಸಿಕೊಂಡು ಆಫ್ರಿಕಾದ ನಗರಗಳಿಗೆ ಹೊಸ ತಲೆನೋವಾಗಿದೆ. ಬಂದರುಗಳ ಸುತ್ತ ಕನಿಷ್ಠ 400 ಮೀಟರ್ ಪ್ರದೇಶದಲ್ಲಿ ರೋಗವಾಹಕಗಳನ್ನು ನಿಯಂತ್ರಿಸಬೇಕೆಂದು ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ಹೇಳುವುದು ಇಂಥದಕ್ಕಾಗಿ. ಪಣಂಬೂರಿನಂಥ ಬಂದರು ಇರುವ ಊರಿನವರು ಇದನ್ನು ಮನಸ್ಸಿಟ್ಟು ಓದಬೇಕು. ಮಾಲಿ ದೇಶದಲ್ಲಿ ಬಲೂನುಗಳಿಗೆ ಅಂಟುಬಲೆ ಕಟ್ಟಿ ಆಕಾಶಕ್ಕೆ ಏರಿಸಿದ ಸಂಶೋಧಕರಿಗೆ ನೆಲದಿಂದ 40ರಿಂದ 290 ಮೀಟರ್ ಎತ್ತರದಲ್ಲಿ ಅನಾಫಿಲಿಸ್‌ಗಳು ಸಿಕ್ಕವು, ಹೆಚ್ಚಿನವು ರಕ್ತ ಕುಡಿದ ಹೆಣ್ಣುಗಳು. ರಾತ್ರಿಯ ಗಾಳಿಯಲ್ಲಿ ಅವು ನೂರಾರು ಕಿಲೋಮೀಟರ್ ಸಾಗಬಲ್ಲವು ಎಂದು 2019ರಲ್ಲಿ ಪ್ರಕಟವಾದ ಆ ಅಧ್ಯಯನ ಅಂದಾಜು ಮಾಡಿತು.

ಇದನ್ನು ಓದಿದ ಮೇಲೆ ನಾನು ವೃತ್ತದ ಅಳತೆಯನ್ನೇನೂ ಬದಲಿಸಲಿಲ್ಲ. ಒಂದು ಓಣಿಯ ಜ್ವರಕ್ಕೆ ಕಾರಣ ಇಂದಿಗೂ ಆ ಓಣಿಯ ನೀರೇ. ಬದಲಾದದ್ದು ಕೆಲಸ ನಿಲ್ಲಿಸುವ ಹೊತ್ತು. ಒಂದು ವಾರ್ಡಿನಲ್ಲಿ ಪ್ರಕರಣ ನಿಂತರೆ ತಂಡವನ್ನು ಬೇರೆಡೆಗೆ ಕಳುಹಿಸುವುದು ಮೊದಲಿನ ರೂಢಿಯಾಗಿತ್ತು. ಈಗ ಜ್ವರವಿಲ್ಲದ ವಾರ್ಡಿಗೂ ಒಬ್ಬ ಕಾರ್ಯಕರ್ತೆಯನ್ನು ಉಳಿಸಿಕೊಳ್ಳುತ್ತೇನೆ. ಹೊರಗಿನಿಂದ ಒಂದು ಸೊಳ್ಳೆಯೋ ರೋಗಾಣು ಹೊತ್ತ ಒಬ್ಬ ಮನುಷ್ಯನೋ ಬಂದಾಗ, ಅಲ್ಲಿ ಮೊಟ್ಟೆಯಿಡಲು ನೀರು ಸಿದ್ಧವಾಗಿರಬಾರದು.