ಆಟಿಯ ಮಳೆಗೂ ಜಗ್ಗದ ಸಾವಿರ ವೋಲ್ಟು

ಕರಾವಳಿಯ ಮಳೆಗಾಲದಲ್ಲಿ ಏಸಿ ಇಲ್ಲದೆ ಫೋಟೊಮಲ್ಟಿಪ್ಲೈಯರ್ ಟ್ಯೂಬು (ಗಾಮಾ ಡಿಟೆಕ್ಟರಿನಲ್ಲಿ ಮಿಣುಕು ಬೆಳಕನ್ನು ವಿದ್ಯುತ್ತಾಗಿ ಹಿಗ್ಗಿಸುವ ನಳಿಗೆ) ನೆಟ್ಟಗೆ ಓಡದು ಎಂಬುದು ನಮ್ಮವರ ಗಟ್ಟಿ ನಂಬಿಕೆ. “ದುಡ್ಡು ಹೆಚ್ಚಾಗಿದ್ಯಾ ಮಾರಾಯ್ರೆ? ಜೂನ್ ಬಂದ್ರೆ ಕಟ್ಟಿ ಇಡಿ” ಎಂದು ಲ್ಯಾಬಿನಲ್ಲಿ ಪಳಗಿದ ಗೆಳೆಯರೇ ನಕ್ಕಿದ್ದರು. ಈ ವರ್ಷ ತುಳುನಾಡಿನ ಮಳೆಯ ತಿಂಗಳು ಆಟಿ ಪೂರ್ತಿ ನನ್ನದು ಮಂಗಳೂರಿನ ಮನೆಯ ಉಪ್ಪರಿಗೆಯಲ್ಲಿ ಬರೀ ಫ್ಯಾನಿನ ಗಾಳಿಯಲ್ಲಿ ಓಡಿದೆ.

ಟ್ಯೂಬು ಹಳೆಯದು, ಹತ್ತು ಡೈನೋಡಿನದು (ಎಲೆಕ್ಟ್ರಾನನ್ನು ಹಂತಹಂತವಾಗಿ ಹೆಚ್ಚಿಸುವ ತಗಡುಗಳು), ಸುಮಾರು 4,000 ರೂಪಾಯಿ. ಜೊತೆಗೆ ಬಂದ, ಗಾಮಾ ಕಿರಣ ಬಿದ್ದಾಗ ಮಿಣುಕುವ ಸೋಡಿಯಂ ಅಯೊಡೈಡ್ ಹರಳು ತೇವ ಕುಡಿದು ಹಳದಿಯಾಗಿತ್ತು. ಬೇರೆಯದಕ್ಕೆ 15,000ದ ಹತ್ತಿರ ತೆತ್ತೆ. ಹೈವೋಲ್ಟೇಜ್ ಮಾಡ್ಯೂಲು ಎರಡು ಸುಟ್ಟವು, ಆ ಲೆಕ್ಕ ಬೇರೆ.

ಡೈನೋಡಿಗೆ ನಾಲ್ಕರಂತೆ ಹತ್ತು ಮೆಟ್ಟಿಲಲ್ಲಿ ಒಂದು ಎಲೆಕ್ಟ್ರಾನು ಹತ್ತು ಲಕ್ಷವಾಗುವುದು ಎಲ್ಲರಿಗೂ ಗೊತ್ತು. ವೋಲ್ಟೇಜು ನೂರಕ್ಕೆ ಹತ್ತು ಏರಿದರೆ ಗೇನು, ಅಂದರೆ ಈ ಹೆಚ್ಚಳ, ಹೆಚ್ಚುಕಮ್ಮಿ ಇಮ್ಮಡಿ. ಹಾಗಾಗಿ ಸಾಕೆಟ್ಟಿನ ಮೇಲೆ ಕೂತ ಉಪ್ಪುಗಾಳಿಯ ಪಸೆ, ಡೈನೋಡುಗಳಿಗೆ ವೋಲ್ಟೇಜು ಹಂಚುವ ರೆಸಿಸ್ಟರು ಸಾಲು ಅಂದರೆ ಡಿವೈಡರಿನ ಮಗ್ಗುಲಲ್ಲಿ, ಕರೆಂಟಿಗೆ ಕಳ್ಳದಾರಿ ಮಾಡಿಕೊಟ್ಟರೆ ಪೀಕು (ಕಿರಣದ ಶಕ್ತಿ ತೋರಿಸುವ ಗ್ರಾಫಿನ ದಿಬ್ಬ) ಬೆಳಿಗ್ಗೆ ಒಂದೆಡೆ, ಸಂಜೆ ಇನ್ನೊಂದೆಡೆ.

ವಾರ್ನಿಶ್ ಸ್ಪ್ರೇ ಪಿನ್ನಿನ ಬುಡಕ್ಕೆ ಇಳಿಯಲಿಲ್ಲ. ವಿನೆಗರ್ ವಾಸನೆಯ ಸಿಲಿಕೋನು ತಾಮ್ರವನ್ನೇ ಹಸಿರು ಮಾಡಿತು. ಸಿಲಿಕಾ ಜೆಲ್ಲು ತೇವ ಕುಡಿದು ಎರಡು ದಿನಕ್ಕೇ ಗುಲಾಬಿ. ಹೀಟರು ಇಟ್ಟರೆ ತೇವವೇನೋ ಹೋಯಿತು, ಆದರೆ ಬೆಳಕಿಗೆ ಎಲೆಕ್ಟ್ರಾನು ಬಿಡಬೇಕಾದ ಕ್ಯಾಥೋಡೇ ಬಿಸಿಗೆ ಸುಮ್ಮನೆ ಎಲೆಕ್ಟ್ರಾನು ಉದುರಿಸತೊಡಗಿತು. ಅವೂ ಲಕ್ಷಗಟ್ಟಲೆಯಾಗಿಯೇ ಹೊರಬರುತ್ತವಲ್ಲ!

ಕೊನೆಗೆ ಗೆದ್ದದ್ದು ಮೇಣ. ಅದಕ್ಕೂ ಮೊದಲು ಡಿವೈಡರಿನ ರೆಸಿಸ್ಟರುಗಳನ್ನು 4.7 ಮೆಗಾಓಮಿನಿಂದ 1 ಮೆಗಾಓಮಿಗೆ ಇಳಿಸಿದೆ. ಸೋರಿಕೆಯ ಆಟ ಅಲ್ಲೇ ಅರ್ಧ ನಿಂತಿತು. ಕ್ಯಾಥೋಡನ್ನು ಅರ್ತ್ ಮಾಡಿ ಆನೋಡಿಗೆ ಪಾಸಿಟಿವ್ ಕೊಟ್ಟೆ. ಬೆಸುಗೆಯ ಫ್ಲಕ್ಸನ್ನು ಚೆನ್ನಾಗಿ ತೊಳೆದು, ಒಣಗಿಸಿ, ಬೆಚ್ಚಗಿರುವಾಗಲೇ ಸಾಕೆಟ್ಟಿನ ಬೇಸನ್ನು ಮೇಣದಲ್ಲಿ ಮುಳುಗಿಸಿದೆ. ಬರೀ ಪ್ಯಾರಾಫಿನ್ ತಣಿದಾಗ ಬಿರುಕು ಬಿಡುತ್ತದೆ, ಜೇನುಮೇಣ ಬೆರೆಸಬೇಕು. ಎಷ್ಟು ಎಂದು ಕೇಳಬೇಡಿ, ಅದಕ್ಕೆ ಹೋದ ದುಡ್ಡು ನನ್ನದು. ಗುಳ್ಳೆ ಬಾರದಂತೆ ಸುರಿಯುವ ಉಪಾಯವೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಪೀಕಿನ ಜಾಗ ಗುರುತಿಸಲು ತೆಂಗಿಗೆ ತಂದ ಪೊಟ್ಯಾಶ್ ಚೀಲವೇ ಸಾಕು: ಅದರ ಪೊಟ್ಯಾಸಿಯಂನ ಗಾಮಾ ಕಿರಣ 1460 ಕೆಇವಿ (ಕಿರಣದ ಶಕ್ತಿಯ ಅಳತೆ), ಲೈಸೆನ್ಸಿನ ರಗಳೆ ಇಲ್ಲ. ಗ್ಯಾಸ್‌ಲೈಟಿನಲ್ಲಿ ಯಕ್ಷಗಾನದ ಆಟ ನಡೆಯುತ್ತಿದ್ದ ಕಾಲದ ಮ್ಯಾಂಟಲ್ ಒಂದು ಸಿಕ್ಕಿತು, ಥೋರಿಯಂ ಸರಣಿಯ 2614 ಎದ್ದು ಕಂಡಿತು. ಅದೇ ಹುರುಪಿನಲ್ಲಿ, ಮಳೆ ಹೊಳವಾದ ದಿನ, ಡಿಟೆಕ್ಟರನ್ನು ಉಳ್ಳಾಲದ ಕಡಲತೀರಕ್ಕೆ ಹೊತ್ತೆ. ಅಲ್ಲಿ ಥೋರಿಯಂ ಇರುವ ಖನಿಜ ಮೊನಜೈಟ್ ಇರುವುದು ಹಳೇ ಸುದ್ದಿ. ಕರಿಮರಳಿನ ಪಟ್ಟೆಯ ಮೇಲೆ ಕಿರಣಗಳ ಕೌಂಟು ದುಪ್ಪಟ್ಟಿಗೂ ಮೇಲೆ, ಸ್ವಲ್ಪ ಆಚೆ ಸರಿದರೆ ಮನೆಯಲ್ಲಿದ್ದಷ್ಟೇ. ಬಿಸಿಲೇರಿದಾಗ ಮಾತ್ರ ಗೇನು ತುಸು ಜಾರಿತು. ಅದಕ್ಕೆ ಪೊಟ್ಯಾಶಿನ ಪೊಟ್ಟಣವೊಂದನ್ನು ಪಕ್ಕದಲ್ಲೇ ಇಟ್ಟು ಆಗಾಗ ತಾಳೆ ನೋಡುತ್ತಿದ್ದೇನೆ.