ಇರುವೆ ಕಚ್ಚಿ ಊದಿಕೊಂಡರೆ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು

ಕಚ್ಚಿದ ಇರುವೆಯನ್ನು ಮೊದಲು ತೆಗೆಯಿರಿ. ಕೈ ಕೊಡವಿದರೆ, ನೀರು ಸುರಿದರೆ ಸಾಲದು. ಫೈರ್ ಆಂಟ್ ಅನ್ನೋ ಕೆಂಪಿರುವೆ ದವಡೆಯಿಂದ ಚರ್ಮ ಕಚ್ಚಿ ಹಿಡಿದುಕೊಂಡು, ಹಿಂದಿನ ತುದಿಯ ಕೊಂಡಿಯಿಂದ ಚುಚ್ಚುತ್ತದೆ, ಹಿಡಿತ ಬಿಡದೆ ಸುತ್ತ ತಿರುಗುತ್ತಾ ಮತ್ತೆ ಮತ್ತೆ ಚುಚ್ಚುತ್ತದೆ. ಗುಳ್ಳೆಗಳು ಎಷ್ಟೋ ಸಲ ದುಂಡಗೆ ಸಾಲಾಗಿ ಏಳುವುದು ಅದಕ್ಕೇ. ಬಟ್ಟೆಯಿಂದ ಬಿರುಸಾಗಿ ಒರೆಸಿ, ಅಂಟಿಕೊಂಡಿದ್ದನ್ನು ಕಿತ್ತು ಹಾಕಿ.

ಕೆಂಜಿಗದ ಕಥೆ ಬೇರೆ. ಅದಕ್ಕೆ ಕೊಂಡಿ ಇಲ್ಲ, ಕಚ್ಚಿ ಆ ಜಾಗಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ತೊಳೆದರೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ.

ಫೈರ್ ಆಂಟ್ ವಿಷದಲ್ಲಿ 95%ಗಿಂತ ಜಾಸ್ತಿ ಎಣ್ಣೆಯಂಥ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳೇ. ಅವು ಚರ್ಮದ ಜೀವಕೋಶಗಳನ್ನು ಸಾಯಿಸುತ್ತವೆ, ಜೊತೆಗೆ ಊತ, ತುರಿಕೆ ತರುವ ಹಿಸ್ಟಮಿನ್ ಅನ್ನೋ ದೇಹದ್ದೇ ರಾಸಾಯನಿಕ ಹೊರಬರುವಂತೆ ಮಾಡುತ್ತವೆ. ತಕ್ಷಣ ಉರಿ, ಆಮೇಲೆ ಕೆಂಪು ದದ್ದು, ಮರುದಿನದ ಹೊತ್ತಿಗೆ ಬಿಳಿ ತಲೆಯ ಗುಳ್ಳೆ. ನೋಡೋಕೆ ಕೀವಿನ ಹಾಗೇ ಇರುತ್ತದೆ, ಆದರೆ ಅದರಲ್ಲಿ ಸೋಂಕು ಇರುವುದಿಲ್ಲ. ದಯವಿಟ್ಟು ಒಡೆಯಬೇಡಿ! ಒಡೆದ ಮೇಲೇ ಸೋಂಕು ಒಳಗೆ ಹೋಗೋದು. ಸುಮ್ನೆ ಬಿಟ್ಟರೆ ಒಂದು ವಾರ, ಹತ್ತು ದಿನದಲ್ಲಿ ಒಣಗುತ್ತದೆ.

ಸೋಪು ನೀರಲ್ಲಿ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಬೆರಳಿಗೆ ಕಚ್ಚಿದ್ದರೆ ಊತ ಏರುವ ಮುಂಚೆಯೇ ಉಂಗುರ ತೆಗೆದುಬಿಡಿ, ಆಮೇಲೆ ಬರೋದಿಲ್ಲ. ತುರಿಕೆಗೆ ಕ್ಯಾಲಮೈನ್ ಅಥವಾ 1% ಹೈಡ್ರೋಕಾರ್ಟಿಸೋನ್ ಕ್ರೀಮ್, ಬೇಕಾದರೆ ಅಲರ್ಜಿಗೆ ಕೊಡುವ ಸೆಟ್ರಿಜಿನ್ ಮಾತ್ರೆ. ಮಕ್ಕಳಿಗೆ, ಗರ್ಭಿಣಿಯರಿಗೆ ಡಾಕ್ಟರನ್ನು ಕೇಳಿ ಕೊಡಿ.

ಅಲರ್ಜಿಗೆ ಕಾರಣ ಈ ಆಲ್ಕಲಾಯ್ಡ್ ಅಲ್ಲ, ವಿಷದಲ್ಲಿರುವ ಚೂರೇ ಚೂರು ಪ್ರೋಟೀನ್. ಒಮ್ಮೆ ಕಚ್ಚಿಸಿಕೊಂಡಾಗ ಕೆಲವರ ದೇಹ ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿ ಇಟ್ಟುಕೊಂಡಿರುತ್ತದೆ, ಮುಂದಿನ ಸಲ ಅದೇ ಪ್ರೋಟೀನ್ ಒಳಗೆ ಬಂದರೆ ಹಿಸ್ಟಮಿನ್ ಒಮ್ಮೆಲೇ ಮೈಯೆಲ್ಲಾ ಬಿಡುಗಡೆಯಾಗುತ್ತದೆ. ಹೋದ ಸಲ ಏನೂ ಆಗಿರಲಿಲ್ಲ ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಹಾಗಾಗಿ ಕಚ್ಚಿದ ಜಾಗಕ್ಕಿಂತ ಉಳಿದ ಮೈ ಕಡೆ ಜಾಸ್ತಿ ಗಮನ ಕೊಡಿ. ಕಾಲಿಗೆ ಕಚ್ಚಿ ಇಡೀ ಕಾಲೇ ಊದಿದರೂ ಅದು ಅಲ್ಲಿಗೇ ನಿಂತಿದ್ದರೆ ಸಾಮಾನ್ಯವಾಗಿ ಪ್ರಾಣಕ್ಕೆ ಭಯವಿಲ್ಲ, ಡಾಕ್ಟರಿಗೆ ತೋರಿಸಿ ಸಾಕು. ಆದರೆ ಕಾಲಿಗೆ ಕಚ್ಚಿ ತುಟಿ ಊದಿದರೆ, ಮೈಮೇಲೆ ಗಂಧೆ ಎದ್ದರೆ, ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ವಾಂತಿ ಅಥವಾ ತಲೆಸುತ್ತು ಬಂದರೆ ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಆಗ ಬೇಕಿರುವುದು ಅಡ್ರಿನಲಿನ್ ಇಂಜೆಕ್ಷನ್, ಅದನ್ನು ತೊಡೆಯ ಹೊರಭಾಗಕ್ಕೆ ಕೊಡುತ್ತಾರೆ. ಸೆಟ್ರಿಜಿನ್ ನುಂಗಿ ಕಾಯುತ್ತಾ ಕೂರಬೇಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ನಡೆಸಬೇಡಿ. ಸುಧಾರಿಸಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಲಿ, ಯಾಕಂದ್ರೆ ಲಕ್ಷಣಗಳು ಮರುಕಳಿಸಬಹುದು. ಆಮೇಲೆ ಅಲರ್ಜಿ ತಜ್ಞರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿ, ಜೊತೆಗೆ ಇಟ್ಟುಕೊಂಡು ಬೇಕಾದಾಗ ನಾವೇ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ ಬಗ್ಗೆ ಕೇಳಿ.