ಹೊಯ್ಗೆಯಿಲ್ಲದ ಸಮುದ್ರ: ಆಯಿಯ ಜತೆ ನೀಸ್‌ನಲ್ಲಿ ಏಳು ದಿನ

ಆಯಿ ಚಪ್ಪಲಿ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಇಟ್ಟವಳು ಅಲ್ಲೇ ನಿಂತುಬಿಟ್ಟಳು. "ಇದೆಂತ ಸಮುದ್ರನೇ ತಂಗಿ, ಹೊಯ್ಗೆಯೇ ಇಲ್ಲೆ!"

ನಿಜ, ಮರಳೇ ಇಲ್ಲ. ಫ್ರಾನ್ಸಿನ ದಕ್ಷಿಣ ತುದಿಯ ಊರು ನೀಸ್, ಅದರ ಕಡಲತೀರ ಪೂರ್ತಿ ಕಲ್ಲು. ಕೋಳಿಮೊಟ್ಟೆಯಿಂದ ಹಿಡಿದು ಅಂಗೈ ಅಗಲದವರೆಗಿನ ನುಣುಪಾದ ಬೂದು ಕಲ್ಲುಗಳು. ಅಲೆ ಹಿಂದೆ ಸರಿಯುವಾಗ ಅವೆಲ್ಲ ಒಂದಕ್ಕೊಂದು ಉಜ್ಜಿ ಗೋಣಿಯಿಂದ ಅಡಿಕೆ ಸುರಿದ ಹಾಗೆ ಸದ್ದು. ಓದಿ ತಿಳಿದಿದ್ದೆ, ಆದರೆ ಕುಮಟಾದ ಹತ್ತಿರ ಹುಟ್ಟಿ ಬೆಳೆದವಳಿಗೆ ಸಮುದ್ರದ ವಿಷಯದಲ್ಲಿ ಯಾರಾದರೂ ಏನು ಹೇಳಿಕೊಡುವುದು ಅನ್ನುವ ಧಿಮಾಕು. ನೀರಿಗೆ ಇಳಿಯಲು ರಬ್ಬರ್ ತಳದ ಬೂಟು ಬೇಕೇಬೇಕು. ಅದನ್ನು ಮರುದಿನ ಅಲ್ಲೇ ಅಂಗಡಿಯಲ್ಲಿ ಕೊಂಡೆ. ಇನ್ನೊಂದು ಎಚ್ಚರ: ನಾಲ್ಕೈದು ಹೆಜ್ಜೆಗೆಲ್ಲ ಆಳ. ನಮ್ಮಲ್ಲಿಯ ಹಾಗೆ ಮೊಣಕಾಲುದ್ದ ನೀರಲ್ಲಿ ದೂರ ನಡೆದುಹೋಗುವ ಸಮುದ್ರ ಅಲ್ಲ ಅದು.

ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಆಗಸ್ಟ್‌ನ ಜನಜಂಗುಳಿ ಕರಗಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ವೀಸಾಕ್ಕೆ ಬೆಂಗಳೂರಿನಲ್ಲೇ ಅರ್ಜಿ ಕೊಟ್ಟೆವು. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾದ ಶುಲ್ಕ ತಲೆಗೆ 90 ಯೂರೋ, ಜತೆಗೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಅಡುಗೆಮನೆ ಇರುವ ಒಂದು ಕೋಣೆಯ ಮನೆ ಹಿಡಿದೆ, ಯಾಕೆಂದರೆ ಆಯಿ ಮೀನು ಮುಟ್ಟುವವಳಲ್ಲ. ಅಕ್ಕಿ, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೆವು. ತುಪ್ಪದ ಡಬ್ಬಿಯನ್ನು ಮಾತ್ರ ಪೆಟ್ಟಿಗೆಯಿಂದ ತೆಗೆಸಿದೆ, ಹೊರಗಿನವರು ಹಾಲಿನ ಪದಾರ್ಥ ಒಯ್ಯುವುದಕ್ಕೆ ಯುರೋಪಿನಲ್ಲಿ ನಿಷೇಧ ಇದೆ. ಆ ವಿಷಯಕ್ಕೆ ಆಯಿ ವಿಮಾನ ಹತ್ತುವ ತನಕ ಗೊಣಗಿದಳು.

ವಿಮಾನ ನಿಲ್ದಾಣ ಸಮುದ್ರಕ್ಕೆ ಅಂಟಿಕೊಂಡೇ ಇದೆ. ಇಳಿಯುವಾಗ ನೀರಿನ ಮೇಲೇ ಇಳಿಯುತ್ತೇವೆ ಅನ್ನಿಸಿ ಆಯಿ ನನ್ನ ಕೈ ಹಿಡಿದಿದ್ದಳು. ಅಲ್ಲಿಂದ ಎರಡನೇ ನಂಬರಿನ ಟ್ರಾಮ್ ನೇರ ಊರೊಳಗೆ, ಬಂದರಿನ ತನಕ ಹೋಗುತ್ತದೆ. ಟ್ರಾಮ್‌ನಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಕಾರ್ಡ್ ಕೈಯಲ್ಲಿದ್ದರೆ ಸಾಲದು, ಹತ್ತಿದ ಕೂಡಲೇ ಯಂತ್ರಕ್ಕೆ ತಾಗಿಸಬೇಕು. ಕಂಡಕ್ಟರ್ ಹತ್ತಿರ ಬಂದು ಕೇಳಿದಾಗ ದುಡ್ಡು ತೆಗೆದು ರೂಢಿಯಾದ ನಾನು ಮೂರನೇ ದಿನ ಮರೆತೆ, ಅವತ್ತೇ ತಪಾಸಣೆಯವರು ಹತ್ತಿದರು. ಕಟ್ಟಿದ ದಂಡದಲ್ಲಿ ಇಬ್ಬರದೂ ಎರಡು ದಿನದ ಊಟ ಆಗುತ್ತಿತ್ತು.

ಊಟದ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸಸ್ಯಾಹಾರಿಗಳಿಗೆ ಈ ಊರಲ್ಲಿ ಒಂದು ವರವಿದೆ, ಅದರ ಹೆಸರು ಸೊಕ್ಕಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಒಂದು ಮೊಳಕ್ಕೂ ಮಿಕ್ಕಿದ ಅಗಲದ ತಾಮ್ರದ ತಟ್ಟೆಗೆ ತೆಳ್ಳಗೆ ಹೊಯ್ದು ಸೌದೆ ಒಲೆಯೊಳಗೆ ನೂಕುತ್ತಾರೆ. ಮೇಲೆ ಅಲ್ಲಲ್ಲಿ ಸೀದ ಕಪ್ಪು, ಒಳಗೆ ಮೆತ್ತಗೆ, ಅಂಚು ಗರಿಗರಿ. ಕೆರೆದು ಕೆರೆದು ಚೂರು ಮಾಡಿ ಕಾಗದದ ಪೊಟ್ಟಣದಲ್ಲಿ ಕೊಟ್ಟು ಮೇಲೆ ಕಾಳುಮೆಣಸಿನ ಪುಡಿ ಉದುರಿಸುತ್ತಾರೆ. ಆಯಿ ಒಂದು ತುಂಡು ಬಾಯಿಗಿಟ್ಟು, "ಕಡ್ಲೆಹಿಟ್ಟಿನ ತೆಳ್ಳೇವು ಅಲ್ದಾ ಇದು?" ಅಂದಳು. ಆಮೇಲೆ ದಿನಕ್ಕೊಂದು ಪೊಟ್ಟಣ ಖಾಯಂ. ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ಚರ್ಮದ ಹಾಗೆ.

ಹಾಗಂತ ಕಣ್ಣುಮುಚ್ಚಿ ಏನನ್ನೂ ತಿನ್ನುವ ಹಾಗಿಲ್ಲ. ಈರುಳ್ಳಿಯನ್ನು ಬೆಲ್ಲದ ಬಣ್ಣ ಬರುವ ತನಕ ಬಾಡಿಸಿ ರೊಟ್ಟಿಯ ಮೇಲೆ ಹರಡಿದ ಪಿಸ್ಸಲಾದಿಯೇರ್ ನೋಡಲು ಪರಮ ಸಾತ್ವಿಕ. ಆದರೆ ಅದರ ಹೆಸರೇ ಉಪ್ಪು ಹಾಕಿದ ಸಣ್ಣ ಮೀನಿನ ಗೊಜ್ಜಿನಿಂದ ಬಂದದ್ದು. ಊರಿನ ಹೆಸರಿನ ಪ್ರಸಿದ್ಧ ಸಲಾಡ್‌ನಲ್ಲೂ ಮೀನು ಇರುತ್ತದೆ. ಇನ್ನು ಹೊತ್ತು. ಮಧ್ಯಾಹ್ನ ಎರಡು ದಾಟಿದರೆ ಅನೇಕ ಹೋಟೆಲುಗಳ ಒಲೆ ಆರುತ್ತದೆ, ಮತ್ತೆ ಹೊತ್ತುವುದು ಸಂಜೆ ಏಳಕ್ಕೆ. ಮೊದಲ ದಿನ ಮೂರು ಗಂಟೆಗೆ ಹಸಿದು ಅಲೆದು ಕೊನೆಗೆ ಅವಲಕ್ಕಿಯೇ ಗತಿಯಾಯಿತು. ಅಂಗಡಿ ಹೊಕ್ಕ ಕೂಡಲೇ "ಬೊಂಜೂರ್" ಅನ್ನದೆ ನೇರ ಬೆಲೆ ಕೇಳಿದರೆ ಮುಖ ಬಿಗಿಯುತ್ತದೆ. ಆ ಒಂದು ಮಾತು ಮೊದಲು ಬಂದರೆ ಮುಂದಿನದು ಹರುಕು ಇಂಗ್ಲಿಷಿನಲ್ಲಿ ನಡೆಯುತ್ತದೆ.

ತರಕಾರಿಗೆ ಕೂರ್ ಸಲೇಯಾ ಸಂತೆ. ಹೂವು, ಹಣ್ಣು, ಒಣಗಿಸಿದ ಸೊಪ್ಪು, ಬದನೆಯಷ್ಟು ಹೊಳೆಯುವ ಆಲಿವ್. ನಾವು ಚೀಲ ಹಿಡಿದು ಹೋದದ್ದು ಸೋಮವಾರ. ಅವತ್ತು ಅಲ್ಲಿ ತರಕಾರಿ ಇಲ್ಲ, ಹಳೇ ಸಾಮಾನಿನ ಸಂತೆ. ಆಯಿ ಒಂದು ಹಿತ್ತಾಳೆ ಕುಟ್ಟಾಣಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಬೆಲೆ ಕೇಳಿ, ಮೆಲ್ಲನೆ ಕೆಳಗಿಟ್ಟಳು.

ಹಳೇ ಊರಿನ ಓಣಿಗಳಲ್ಲಿ ಬೀದಿಯ ಹೆಸರು ಎರಡು ಭಾಷೆಯಲ್ಲಿದೆ, ಫ್ರೆಂಚ್ ಒಂದು, ಸ್ಥಳೀಯ ನಿಸಾರ್ ಇನ್ನೊಂದು. ನೀಸ್ ಫ್ರಾನ್ಸಿಗೆ ಸೇರಿದ್ದೇ 1860ರಲ್ಲಿ. ಹೈಸ್ಕೂಲಿನ ಚರಿತ್ರೆಯಲ್ಲಿ ಇಟಲಿಯ ಏಕೀಕರಣ ಅಂತ ಮ್ಯಾಜಿನಿ, ಕವೂರ್, ಗ್ಯಾರಿಬಾಲ್ಡಿ ಬಾಯಿಪಾಠ ಮಾಡಿದ್ದೆವಲ್ಲ, ಆ ಗ್ಯಾರಿಬಾಲ್ಡಿ ಹುಟ್ಟಿದ್ದು 1807ರಲ್ಲಿ, ಇದೇ ಊರಲ್ಲಿ. ಇಟಲಿ ಕಟ್ಟಲು ಹೊರಟವನ ಹುಟ್ಟೂರನ್ನೇ ಕವೂರ್ ಒಪ್ಪಂದದಲ್ಲಿ ಫ್ರೆಂಚರಿಗೆ ಬಿಟ್ಟುಕೊಟ್ಟ. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿದ್ದ ಮನುಷ್ಯನ ಸಂಕಟ ಅವನ ಹೆಸರಿನ ಚೌಕದಲ್ಲಿ ನಿಂತಾಗಷ್ಟೇ ನನ್ನ ತಲೆಗೆ ಹೋಯಿತು.

ಕೋಟೆಗುಡ್ಡಕ್ಕೆ ಸಮುದ್ರದ ಬದಿಯಿಂದ ಪುಕ್ಕಟೆ ಲಿಫ್ಟ್ ಇದೆ, ಮಂಡಿನೋವಿನವರು ಮೆಟ್ಟಿಲಿನ ಗೋಜಿಗೆ ಹೋಗಬೇಡಿ. ಮೇಲೆ ಕೋಟೆ ಹುಡುಕಬೇಡಿ, ಹದಿನಾಲ್ಕನೇ ಲೂಯಿಯ ಆಜ್ಞೆಯಂತೆ 1706ರಲ್ಲೇ ಕೆಡವಿದರು. ಕೊಲ್ಲಿ ಪೂರ್ತಿ ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ. ಫೋಟೋ ತೆಗೆಯುತ್ತಿದ್ದಾಗ ಢಂ ಅಂತ ಸದ್ದು. ಆಯಿ "ಅಯ್ಯೋ ದೇವ್ರೇ" ಅಂತ ಕಟ್ಟೆ ಹಿಡಿದಳು, ಸುತ್ತಲಿನವರು ನಕ್ಕು ಗಡಿಯಾರ ತೋರಿಸಿದರು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಗುಂಡು ಹಾರಿಸುತ್ತಾರೆ. ಹೆಂಡತಿ ಮಾತಾಡುತ್ತ ನಿಂತು ಊಟದ ಹೊತ್ತು ಮರೆಯುತ್ತಾಳೆಂದು ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬ ಸ್ಕಾಟಿಷ್ ಶ್ರೀಮಂತ ಶುರುಮಾಡಿಸಿದ್ದು ಅನ್ನುವ ಕಥೆ ಚಾಲ್ತಿಯಲ್ಲಿದೆ. "ಅವಂಗೇ ಅಡುಗೆ ಮಾಡ್ಕಂಬಲೆ ಎಂತಾಗಿತ್ತು?" ಅಂತ ಆಯಿ.

ಸಿಮಿಯೇ ಬಡಾವಣೆಯ, ಚಿತ್ರಕಾರ ಮತೀಸ್‌ನ ಮ್ಯೂಸಿಯಂ ಚೆನ್ನಾಗಿದೆ, ಮಂಗಳವಾರ ರಜೆ. ಆಯಿಗೆ ಚಿತ್ರಕ್ಕಿಂತ ಹೊರಗಿನ ಆಲಿವ್ ತೋಪು ಹಿಡಿಸಿತು. ಉದುರಿದ ಒಂದು ಕಾಯಿ ಎತ್ತಿ, ನಾನು ಬೇಡವೆನ್ನುವ ಮೊದಲೇ ಕಚ್ಚಿದಳು. ಹಸಿ ಆಲಿವ್ ವಿಪರೀತ ಕಹಿ. ಅರ್ಧ ಬಾಟಲಿ ನೀರು ಖಾಲಿ.

ಆದರೆ ನನಗೆ ಆ ಊರನ್ನು ತೋರಿಸಿದ್ದು ಆಯಿಯ ಇನ್ನೊಂದು ಮಾತು. ಸಂಜೆ ಪ್ರೊಮೆನಾದ್ ದೆಸಾಂಗ್ಲೆಯ ನೀಲಿ ಕುರ್ಚಿಗಳಲ್ಲಿ ಕೂರುತ್ತಿದ್ದೆವು. ಸುಮಾರು 7 ಕಿಲೋಮೀಟರ್ ಉದ್ದದ ಕಡಲ ಬದಿಯ ದಾರಿ ಅದು, ಚಳಿಗಾಲ ಕಳೆಯಲು ಬರುತ್ತಿದ್ದ ಇಂಗ್ಲಿಷರ ಹೆಸರಿನದು. ನಾಲ್ಕನೇ ಸಂಜೆ ಆಯಿ ಕೇಳಿದಳು, "ಇಲ್ಲಿ ಭರತ ಇಳಿತ ಇಲ್ಯನೇ? ಬೆಳಿಗ್ಗೆ ಒದ್ದೆ ಇದ್ದ ಕಲ್ಲೇ ಈಗ್ಲೂ ಒದ್ದೆ." ನಾನು ಗಮನಿಸಿಯೇ ಇರಲಿಲ್ಲ. ಮೆಡಿಟರೇನಿಯನ್ ಸುತ್ತಲೂ ನೆಲ ಮುಚ್ಚಿದ ಸಮುದ್ರ, ಅಟ್ಲಾಂಟಿಕ್‌ಗೆ ತೆರೆದ ಬಾಯಿ ಜಿಬ್ರಾಲ್ಟರ್‌ನಲ್ಲಿ ಸುಮಾರು 14 ಕಿಲೋಮೀಟರ್ ಅಗಲ ಅಷ್ಟೇ. ಹಾಗಾಗಿ ನೀಸ್‌ನಲ್ಲಿ ನೀರು ಏರಿಳಿಯುವುದು ಗೇಣಿನ ಲೆಕ್ಕದಲ್ಲಿ. ಆಯಿ ತುಸು ಹೊತ್ತು ನೋಡುತ್ತಾ ಕೂತಳು. "ಉಸಿರೇ ಆಡ್ತಿಲ್ಲೆ ಇದು," ಅಂದಳು.

ಕೊನೆಯ ದಿನ ರೈಲಿನಲ್ಲಿ ಪಕ್ಕದ ವಿಲ್‌ಫ್ರಾಂಶ್‌ಗೆ ಹೋದೆವು, ಹತ್ತು ನಿಮಿಷವೂ ಬೇಡ. ಸ್ಟೇಷನ್ನಿನ ಕೆಳಗೇ ಕಡಲು, ಮತ್ತು ಅಲ್ಲಿ ಹೊಯ್ಗೆ ಇದೆ. ದಪ್ಪ, ದೊರಗು, ಆದರೂ ಹೊಯ್ಗೆ. ಆಯಿ ರಬ್ಬರ್ ಬೂಟು ಬಿಚ್ಚಿ ಎಸೆದು, ಕಾಲು ಹೂತು ಕೂತು, ಒಂದು ಮುಷ್ಟಿ ಎತ್ತಿ ಬೆರಳ ಸಂದಿಯಿಂದ ಸೋರಿಸಿ ಪರೀಕ್ಷಿಸಿದಳು.

"ಶೇಂಗಾ ಹುರಿಯಲೆ ಅಡ್ಡಿಲ್ಲೆ."

ಹೊರಡೋಣ ಅಂದರೆ ಏಳಲಿಲ್ಲ. ಎರಡು ರೈಲು ನಮ್ಮ ತಲೆಯ ಮೇಲಿನಿಂದ ನೀಸ್ ಕಡೆಗೆ ಹೋದವು.